ಮನೆ ಕಾವಲಿಗೂ ಗುರಿ ಅಭ್ಯಾಸಕ್ಕೂ ಮೊದಲ ರೈಫಲ್ ಯಾವುದು? ಉಡುಪಿ–ಮಂಗಳೂರು ಕಡೆಯವರು ಹೇಳಿ

ಬ್ರಹ್ಮಾವರದ ಹೊಸಬ

ನಮಸ್ಕಾರ ಎಲ್ಲರಿಗೂ. ಬ್ರಹ್ಮಾವರದಿಂದ ಸ್ವಲ್ಪ ಒಳಗೆ ಮನೆ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಸುತ್ತ ಅಡಿಕೆ-ತೆಂಗಿನ ತೋಟ. ಹತ್ತಿರದ ಮನೆ ಅಂದಾಜು 80 ಮೀಟರ್ ದೂರ. ವಾರದ ದಿನ ಅಪ್ಪ-ಅಮ್ಮ ಇಬ್ಬರೇ ಇರ್ತಾರೆ. ಒಂದು ರೈಫಲ್ ತೆಗೆದುಕೊಂಡರೆ ಮನೆಗೂ ಧೈರ್ಯ, ಗುರಿ ಅಭ್ಯಾಸಕ್ಕೂ ಆಯಿತು ಅಂತ ಯೋಚನೆ. .315 (ಬೋರ್, ಅಂದರೆ ನಳಿಗೆಯ ಒಳ ಅಳತೆ, ಇಂಚಿನಲ್ಲಿ) ಒಳ್ಳೆಯದು ಅಂತ ಕೆಲವರು, .22 ಸಾಕು ಅಂತ ಕೆಲವರು, ಮೊದಲು ಏರ್‌ಗನ್ ತಗೊ ಅಂತ ಇನ್ನು ಕೆಲವರು. ಮಡಿಕೇರಿಯ ಗೆಳೆಯರೊಬ್ಬರು ಲೈಸೆನ್ಸೇ ಬೇಡ ಅಂತಾರೆ. ತಿಳಿದವರು ವಿವರವಾಗಿ ಹೇಳಿ.

ಕಡತ

ಮಡಿಕೇರಿಯ ಮಾತನ್ನು ಮೊದಲು ಬದಿಗಿಡಿ. ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ. ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಬ್ರಹ್ಮಾವರದವರಿಗೆ ಅದು ಅನ್ವಯಿಸುವುದಿಲ್ಲ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಜೈಲು. 2019ರ ತಿದ್ದುಪಡಿಯಲ್ಲಿ ಶಿಕ್ಷೆ ಇನ್ನೂ ಹೆಚ್ಚಾಗಿದೆ.

ಅರ್ಜಿ ಎಲ್ಲಿ ಅಂತ ಕೇಳುವವರು ತುಂಬ ಜನ ಇದ್ದಾರೆ. ಉಡುಪಿ ಜಿಲ್ಲೆಗೆ ಜಿಲ್ಲಾಧಿಕಾರಿ. ದಕ್ಷಿಣ ಕನ್ನಡದಲ್ಲಿ ಮಂಗಳೂರು ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿದ್ದರೆ ಕಮಿಷನರ್, ಪುತ್ತೂರು, ಬೆಳ್ತಂಗಡಿ, ಸುಳ್ಯದ ಕಡೆಯವರಿಗೆ ಜಿಲ್ಲಾಧಿಕಾರಿ. ಅರ್ಜಿ ನಮೂನೆ ಎ-1, ಗುರುತು ಮತ್ತು ವಿಳಾಸದ ದಾಖಲೆ, ಫೋಟೊ, ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ ಬೇಕು. ಆಮೇಲೆ ಠಾಣೆಯಿಂದ ವಿಚಾರಣೆ. ವಯಸ್ಸು 21 ತುಂಬಿರಬೇಕು. ಲೈಸೆನ್ಸ್ 5 ವರ್ಷಕ್ಕೆ, ಒಬ್ಬರ ಹೆಸರಿನಲ್ಲಿ ಹೆಚ್ಚೆಂದರೆ 2 ಬಂದೂಕು.

ಕಾರಣ ಬರೆಯುವ ಜಾಗದಲ್ಲಿ ಹೆಚ್ಚಿನವರು ಎಡವುತ್ತಾರೆ. ಆತ್ಮರಕ್ಷಣೆ, ಬೆಳೆ ರಕ್ಷಣೆ, ಕ್ರೀಡೆ ಮೂರೂ ಬೇರೆ ಬೇರೆ. ಆತ್ಮರಕ್ಷಣೆ ಅಂದರೆ ನಿಮಗೇ ಇರುವ ಅಪಾಯ ಏನು ಅಂತ ಕೇಳ್ತಾರೆ. ಹಿಂದೆ ಠಾಣೆಗೆ ಕೊಟ್ಟ ದೂರಿನ ಪ್ರತಿ ಇದ್ದರೆ ಲಗತ್ತಿಸಿ. "ಮನೆ ಒಂಟಿ ಉಂಟು" ಅಂತ ಮಾತ್ರ ಬರೆದ ಅರ್ಜಿ ನಿಲ್ಲುವುದು ಕಷ್ಟ. ಕ್ರೀಡೆ ಅಂತ ಬರೆದರೆ ರೈಫಲ್ ಸಂಸ್ಥೆಯ ಸದಸ್ಯತ್ವ, ಭಾಗವಹಿಸಿದ ಸ್ಪರ್ಧೆಗಳ ದಾಖಲೆ ಬೇಕು. ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ, 18ನೇ ಸೆಕ್ಷನ್ ಪ್ರಕಾರ ಮೇಲ್ಮನವಿಗೆ ಅದು ಬೇಕಾಗುತ್ತದೆ.

ಇನ್ನೊಂದು: .303 ಮತ್ತು 7.62 ಮಿ.ಮೀ. ನಿಷೇಧಿತ ಬೋರ್. ಸಾಮಾನ್ಯ ನಾಗರಿಕರಿಗೆ ರೈಫಲ್‌ನಲ್ಲಿ ಉಳಿಯುವುದು ಮುಖ್ಯವಾಗಿ .22, .315, .30-06.

ತೋಟೆಕೋವಿ

ಹೊಸಬರೆ, ಒಂದೇ ರೈಫಲ್‌ನಲ್ಲಿ ಎರಡೂ ಕೆಲಸ ಆಗ್ಲಿಕ್ಕಿಲ್ಲ. ಯಾಕೆ ಅಂತ ನಿಮ್ಮ ಮನೆಯನ್ನೇ ಇಟ್ಟು ಹೇಳ್ತೇನೆ.

.315 ಪಶ್ಚಿಮ ಬಂಗಾಳದ ಇಚ್ಛಾಪುರ ಕಾರ್ಖಾನೆಯ ಬೋಲ್ಟ್ ಆ್ಯಕ್ಷನ್, ಅಂದರೆ ಪ್ರತಿ ಗುಂಡಿಗೂ ಹಿಡಿಯನ್ನು ಕೈಯಿಂದ ಎಳೆದು ದೂಡಬೇಕು. ಕಾಡಿನಲ್ಲಿ ದೊಡ್ಡ ಪ್ರಾಣಿಗೆ ಅಂತ ಇರುವ ತೋಟೆ ಅದು. ಗುಂಡಿನ ತೂಕವೇ 15-16 ಗ್ರಾಂ. ದಪ್ಪ ಮುರಕಲ್ಲಿನ ಗೋಡೆ ಒಂದು ವೇಳೆ ತಡೆದೀತು, ಆದರೆ ನಿಮ್ಮ ಮನೆಯಲ್ಲಿ ಗೋಡೆ ಮಾತ್ರ ಇರುವುದಲ್ಲ. ಹಲಸಿನ ಮರದ ಬಾಗಿಲು, ಕಿಟಕಿ, ಒಳಗಿನ ತೆಳು ಇಟ್ಟಿಗೆ ಗೋಡೆ, ಮೇಲೆ ಹೆಂಚು, ಯಾವುದೂ ಅದನ್ನು ನಿಲ್ಲಿಸುವುದಿಲ್ಲ. 80 ಮೀಟರ್ ಆಚೆಯ ಮನೆಯವರು ಅದರ ದಾರಿಯಲ್ಲೇ ಇದ್ದಾರೆ. ತಪ್ಪಿದ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. .22 ಚಿಕ್ಕದು ಅಂತ ಸಮಾಧಾನ ಬೇಡ, ಅದರ ಪೆಟ್ಟಿಗೆಯ ಮೇಲೂ ಮೈಲುಗಟ್ಟಲೆ ದೂರದ ಎಚ್ಚರಿಕೆ ಅಚ್ಚಾಗಿರುತ್ತದೆ.

ಮತ್ತೆ ಕತ್ತಲೆ, ನಿದ್ದೆಗಣ್ಣು, ಜಗಲಿಯಿಂದ ಚಾವಡಿಗೆ ನಾಲ್ಕು ಹೆಜ್ಜೆ. ಅಷ್ಟು ಹತ್ತಿರದಲ್ಲಿ ಉದ್ದ ರೈಫಲ್ ತಿರುಗಿಸುವುದೇ ಕಷ್ಟ. ಹಾಗಾಗಿ ಈ ಕಡೆ ಮನೆಗೆ ಅಂತ ಲೈಸೆನ್ಸ್ ಇರುವವರ ಹತ್ತಿರ ಹೆಚ್ಚಾಗಿ ಇರುವುದು 12 ಬೋರಿನ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ ತೋಟೆ ಕೋವಿ. ಚರೆ (ತೋಟೆಯೊಳಗಿನ ಸಣ್ಣ ಸೀಸದ ಗುಂಡುಗಳು) ಬೇಗ ವೇಗ ಕಳೆದುಕೊಳ್ಳುತ್ತದೆ, ಸಣ್ಣ ಚರೆಯಾದರೆ ಇನ್ನೂ ಬೇಗ. ಎಲ್‌ಜಿ, ಎಸ್‌ಜಿ ದೊಡ್ಡ ಚರೆ, ಅವೂ ಬಾಗಿಲು ದಾಟುತ್ತವೆ, ನೆನಪಿರಲಿ.

ಹಳೆಯ ಮನೆತನದ ಕೋವಿ ಕೊಳ್ಳುವುದಾದರೆ ಚೇಂಬರಿನ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಅಳತೆ ನೋಡದೆ ಮುಟ್ಟಬೇಡಿ. ನಳಿಗೆಯ ಅಡಿಭಾಗದಲ್ಲಿ 65 ಅಥವಾ 70, ಇಲ್ಲವೇ 2½ ಅಥವಾ 2¾ ಅಂತ ಕೊರೆದಿರುತ್ತದೆ. 65 ಮಿ.ಮೀ. ಚೇಂಬರಿಗೆ 70ರ ತೋಟೆ ಸಲೀಸಾಗಿ ಒಳಗೆ ಹೋಗುತ್ತದೆ, ಅಪಾಯ ಇರುವುದೇ ಅಲ್ಲಿ. ಈಡು ಹಾರುವಾಗ ತೋಟೆಯ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಸುರುಳಿ ಸುತ್ತಿದಂತೆ ಗೆರೆ ಕಾಣುವ ಡಮಾಸ್ಕಸ್ ನಳಿಗೆ ಕರಿಮದ್ದಿನ ಕಾಲದ್ದು, ಈಗಿನ ಹೊಗೆರಹಿತ ಮದ್ದಿನ ತೋಟೆ ಅದಕ್ಕೆ ಹಾಕ್ಲಿಕ್ಕೆ ಇಲ್ಲ. ಖಾಲಿ ಅಂತ ಖಚಿತ ಮಾಡಿಕೊಂಡು ಮುಚ್ಚಿದ ಕೋವಿಯನ್ನು ಬುಡದ ಹತ್ತಿರ ಹಿಡಿದು ಅಲುಗಿಸಿ. ಕೀಲಿನಲ್ಲಿ ಟಕಟಕ ಅಂದರೆ ವಾಪಸು ಕೊಡಿ.

ಕರಾವಳಿ ಗುರಿಗಾರ

ತೋಟೆಕೋವಿಯವರ ಮಾತಿಗೆ ಒಂದು ತಕರಾರು. .315ಕ್ಕೆ ಐದು ತೋಟೆಯ ಮ್ಯಾಗಜಿನ್ ಉಂಟು, ಬೋಲ್ಟ್ ಗಟ್ಟಿ, ಬಿಡಿಭಾಗ ನಮ್ಮ ದೇಶದ್ದೇ. ಒಂದು ಬಂದೂಕಿನಲ್ಲಿ ಎಲ್ಲಾ ಮುಗಿಸಬೇಕು ಅನ್ನುವವರಿಗೆ ಅದು ತಪ್ಪು ಆಯ್ಕೆ ಅಂತ ಹೇಗೆ ಹೇಳುವುದು?

ಹತ್ತುಮೀಟರ್

ಗುರಿಗಾರರೆ, ಗುರಿ ಅಭ್ಯಾಸದ ಕಡೆಯಿಂದ ನೋಡಿದರೂ ಅದು ಹೊಸಬರಿಗೆ ಒಗ್ಗುವುದಿಲ್ಲ. ಗುರಿ ಕಲಿಯುವುದು ಅಂದರೆ ಸಾವಿರಾರು ಸಲ ಒಂದೇ ರೀತಿ ಟ್ರಿಗರ್ ಒತ್ತುವುದು. .315ರ ತೋಟೆ ದುಬಾರಿ, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅನ್ನುವುದಕ್ಕೆ ಲೈಸೆನ್ಸ್ ಪುಸ್ತಕದಲ್ಲೇ ಮಿತಿ ಇರುತ್ತದೆ. ಹಿಮ್ಮೆಟ್ಟು ಜೋರು. ಹತ್ತು ಗುಂಡು ಹೊಡೆಯುವಷ್ಟರಲ್ಲಿ ಭುಜ ಹೆದರಲು ಕಲಿಯುತ್ತದೆ, ಟ್ರಿಗರ್ ಒತ್ತುವ ಕ್ಷಣಕ್ಕೆ ಕಣ್ಣು ತಾನಾಗಿ ಮುಚ್ಚುತ್ತದೆ. ಆ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸಲು ತಿಂಗಳುಗಳೇ ಬೇಕು. ತೋಟದಲ್ಲಿ ಡಬ್ಬ ಇಟ್ಟು ಹೊಡೆಯುವ ಹಾಗೂ ಇಲ್ಲ, ಲೈಸೆನ್ಸ್ ಬಂದೂಕಿನ ಅಭ್ಯಾಸಕ್ಕೆ ಮಾನ್ಯತೆ ಇರುವ ರೇಂಜ್ ಬೇಕು. ಒಲಿಂಪಿಕ್‌ನಲ್ಲಿ ಈಗ ರೈಫಲ್ ಅಂದರೆ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ .22 ಎರಡೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಏರ್ ರೈಫಲ್‌ನಲ್ಲಿ. "ಆಟಿಕೆ ಕೋವಿ" ಅನ್ನುವವರಿಗೆ ಅದನ್ನು ಹೇಳಿ.

ಹೊಸಬರೆ, ನಿಮ್ಮ ಮೊದಲ ರೈಫಲ್ .177 ಏರ್ ರೈಫಲ್ ಆಗಿರಲಿ. ಬೋರ್ 4.5 ಮಿ.ಮೀ., ಶಕ್ತಿ 20 ಜೂಲ್ ಮೀರದಿದ್ದರೆ ಲೈಸೆನ್ಸ್ ಬೇಡ. ಅಂಗಡಿಯಲ್ಲಿ ಗುರುತಿನ ಮತ್ತು ವಿಳಾಸದ ದಾಖಲೆ ಕೊಡಬೇಕು, ಬಿಲ್ ಜೋಪಾನ.

ಈ 20 ಜೂಲ್ ಲೆಕ್ಕವನ್ನು ನೀವೇ ಮಾಡಿಕೊಳ್ಳಿ. ಸಾಮಾನ್ಯ ಪೆಲೆಟ್ (ಏರ್‌ಗನ್ನಿನ ಸೀಸದ ಗುಂಡು) ತೂಕ 0.53 ಗ್ರಾಂ. ತೂಕವನ್ನು ಕಿಲೋಗೆ ಬದಲಿಸಿ, ವೇಗದ ವರ್ಗದಿಂದ ಗುಣಿಸಿ, ಅರ್ಧ ಮಾಡಿ. ಸೆಕೆಂಡಿಗೆ 175 ಮೀಟರ್ ಆದರೆ ಸುಮಾರು 8 ಜೂಲ್, ಸ್ಪರ್ಧೆಯ ರೈಫಲ್ ಇರುವುದು ಈ ಆಸುಪಾಸಿನಲ್ಲಿ. 275 ಮೀಟರಿಗೆ 20 ಜೂಲ್. ಜಾಹೀರಾತಿನಲ್ಲಿ "ಸಾವಿರ ಅಡಿ ವೇಗ" ಅಂತ ಇದ್ದರೆ ಅದು 305 ಮೀಟರ್, ಇದೇ ಪೆಲೆಟ್ಟಿಗೆ 24 ಜೂಲ್ ದಾಟಿತು, ಅಂದರೆ ಲೈಸೆನ್ಸ್ ಬೇಕಾದ ಗನ್. ಹಗುರ ಪೆಲೆಟ್ ಹಾಕಿ ಅಳೆದ ವೇಗ ಅಂತ ಮಾರುವವರು ಹೇಳಿಯಾರು. ಜೂಲ್ ಎಷ್ಟು ಅಂತ ಬರಹದಲ್ಲಿ ಕೊಡದ ಗನ್ ತೆಗೆದುಕೊಳ್ಳಬೇಡಿ.

ಸ್ಪ್ರಿಂಗಿನದ್ದೋ ಗಾಳಿ ತುಂಬುವ ಪಿಸಿಪಿಯೋ ಅನ್ನುವುದು ಮುಂದಿನ ಪ್ರಶ್ನೆ. ಸ್ಪ್ರಿಂಗ್ ಅಗ್ಗ, ಬೇರೆ ಸಲಕರಣೆ ಬೇಡ, ಪ್ರೆಸಿಹೋಲ್‌ನಂಥ ನಮ್ಮ ದೇಶದ ತಯಾರಿಕೆಯೇ ಸಿಗುತ್ತದೆ. ಆದರೆ ಒಳಗೆ ಪಿಸ್ಟನ್ ಓಡುವುದರಿಂದ ಪೆಲೆಟ್ ನಳಿಗೆ ಬಿಡುವ ಮೊದಲೇ ಗನ್ ಹಿಂದೆ ಮುಂದೆ ಕುಲುಕುತ್ತದೆ. ಗಟ್ಟಿ ಹಿಡಿದಷ್ಟೂ ಗುಂಪು (ಕಾಗದದಲ್ಲಿ ಬಿದ್ದ ತೂತುಗಳ ಗುಂಪು) ಚದುರುತ್ತದೆ. ಎಡಗೈಯನ್ನು ಬಿಚ್ಚಿಟ್ಟು ಅಂಗೈ ಮೇಲೆ ಸುಮ್ಮನೆ ಕೂರಿಸಬೇಕು, ಪ್ರತಿ ಸಲವೂ ಅದೇ ಜಾಗದಲ್ಲಿ. ಪೆಲೆಟ್ ಇಲ್ಲದೆ ಹಾರಿಸಬಾರದು, ಎದುರು ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ಗೋಡೆಗೆ ಬಡಿದು ಸೀಲ್ ಹಾಳಾಗುತ್ತದೆ. ಮಡಚಿದ ನಳಿಗೆಯನ್ನು ಟ್ರಿಗರ್ ಒತ್ತಿ ಪಟ್ಟನೆ ಮುಚ್ಚುವ ಚೇಷ್ಟೆಯಿಂದ ನಳಿಗೆ ಮೇಲಕ್ಕೆ ಬಾಗುತ್ತದೆ, ಬೆರಳೂ ಹೋದೀತು.

ಪಿಸಿಪಿಯಲ್ಲಿ ಕುಲುಕಾಟವೇ ಇಲ್ಲದಷ್ಟು ಕಡಿಮೆ. ಸ್ಪರ್ಧೆಯ ವಾಲ್ಥರ್, ಫೈನ್‌ವರ್ಕ್‌ಬಾವ್ ಎಲ್ಲ ಇದೇ ಜಾತಿ, ಸಿಲಿಂಡರ್ 200 ಬಾರ್. ಕರಾವಳಿಯಲ್ಲಿ ತೊಂದರೆ ಏನೆಂದರೆ ಕೈಪಂಪಿನಲ್ಲಿ ತುಂಬಿದರೆ ಗಾಳಿಯ ಜೊತೆ ತೇವವೂ ಒಳಗೆ ಹೋಗುತ್ತದೆ. ಒಳಗೆ ತುಕ್ಕು, ಗಾಳಿಯ ಒತ್ತಡ ಸಮ ಇಡುವ ರೆಗ್ಯುಲೇಟರ್ ಅಂಟು, ಆಮೇಲೆ ಒಂದು ಪೆಲೆಟ್ ಮೇಲೆ, ಇನ್ನೊಂದು ಕೆಳಗೆ. ತೇವ ಹೀರುವ ಫಿಲ್ಟರ್ ಇರುವ ಪಂಪು, ಇಲ್ಲವೇ ಒಣಗಾಳಿ ತುಂಬಿದ ದೊಡ್ಡ ಸಿಲಿಂಡರಿನಿಂದ ತುಂಬಿಸಿ. ಹಳೆಯದು ಕೊಳ್ಳುವವರು ಸಿಲಿಂಡರಿನ ಮೇಲಿನ ದಿನಾಂಕ ನೋಡಲೇಬೇಕು. ಸ್ಪರ್ಧೆಯಲ್ಲಿ 10 ವರ್ಷ ದಾಟಿದ್ದಕ್ಕೆ ಅವಕಾಶ ಇಲ್ಲ, ಹೊಸ ಸಿಲಿಂಡರಿಗೇ ದೊಡ್ಡ ಮೊತ್ತ ಬೀಳುತ್ತದೆ.

ಅಳತೆ ನೋಡುವಾಗ ರೈಫಲ್ ಬುಡವನ್ನು ಮೊಣಕೈ ಮಡಿಕೆಗೆ ಇಡಿ, ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ತಾಗಬೇಕು. ಕುತ್ತಿಗೆ ಬಗ್ಗಿಸದೆ ಕೆನ್ನೆ ಸ್ಟಾಕಿಗೆ (ಭುಜಕ್ಕೆ ಆನಿಸುವ ಹಿಂಭಾಗಕ್ಕೆ) ಕೂತರೆ ಸರಿ. ಸ್ಪರ್ಧೆಯಲ್ಲಿ ಗರಿಷ್ಠ ತೂಕ 5.5 ಕಿಲೋ, ಹೊಸಬರಿಗೆ ಮೂರೂವರೆ-ನಾಲ್ಕು ಕಿಲೋ ಸಾಕು. ಟೆಲಿಸ್ಕೋಪು ಮೊದಲಿಗೆ ಬೇಡ. ಹಿಂದೆ ಪೀಪ್ ಸೈಟ್ (ಸಣ್ಣ ತೂತಿನೊಳಗಿಂದ ನೋಡುವ ಸೈಟು), ಮುಂದೆ ಉಂಗುರ. ಮುಂದಿನ ಉಂಗುರ 4 ಮಿ.ಮೀ. ಆಸುಪಾಸಿರಲಿ. ಗುರಿ ಕಾಗದದ ಕಪ್ಪು ವೃತ್ತದ ಸುತ್ತ ಬಿಳಿ ಧಾರಾಳ ಕಾಣಬೇಕು. ಬಿಗಿ ಉಂಗುರ ಹಾಕಿದರೆ ನಡುಮಧ್ಯ ಹುಡುಕುತ್ತಾ ಹತ್ತು ಸೆಕೆಂಡ್ ದಾಟುತ್ತದೆ, ಕಣ್ಣು ಮಂಜಾಗುತ್ತದೆ, ಕೊನೆಗೆ ಟ್ರಿಗರ್ ಕಿತ್ತಂತೆ ಎಳೆಯುವುದು. ಎಂಟು ಸೆಕೆಂಡಿನಲ್ಲಿ ಬಿಡಲಾಗದಿದ್ದರೆ ರೈಫಲ್ ಇಳಿಸಿ ಉಸಿರು ತೆಗೆದುಕೊಳ್ಳಿ.

ಎಣ್ಣೆಬಟ್ಟೆ

ಯಾವುದೇ ಕೊಳ್ಳಿ, ಮಳೆಗಾಲಕ್ಕೆ ತಯಾರಾಗಿ ಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಗಾಳಿಯೇ ಒದ್ದೆ. ಪಡುವಣ ಗಾಳಿಯ ಉಪ್ಪು ಬೇರೆ. ಬೆವರು ಕೈ ತಾಗಿದ ಜಾಗದಲ್ಲಿ ಎರಡೇ ದಿನಕ್ಕೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುತ್ತದೆ.

ತೆಂಗಿನೆಣ್ಣೆ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಹಳೆ ಮನೆಗಳಲ್ಲಿ ಇನ್ನೂ ನಡೆಯುತ್ತಿದೆ. ಕೆಲವು ವಾರಕ್ಕೆ ಅದು ಕಮಟಿ ಅಂಟಾಗುತ್ತದೆ, ಬೋಲ್ಟಿನ ಒಳಗೆ ಹೋದರೆ ಫೈರಿಂಗ್ ಪಿನ್ ನಿಧಾನವಾಗಿ ತೋಟೆ ಸಿಡಿಯದೆ ಉಳಿಯುತ್ತದೆ. ಸ್ಪ್ರಿಂಗ್ ಏರ್‌ಗನ್ನಿನ ಗಾಳಿ ಕೋಣೆಗೆ ಯಾವ ಎಣ್ಣೆಯನ್ನೂ ಬಿಡಬೇಡಿ. ಒತ್ತಿದ ಗಾಳಿ ಬಿಸಿಯಾಗಿ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಆದ ಹಾಗೆ ಹೊತ್ತಿಕೊಳ್ಳುತ್ತದೆ. "ಈಗ ಸದ್ದು ಜೋರಾಯಿತು, ಪವರ್ ಬಂತು" ಅಂತ ಖುಷಿಪಡುವವರ ಸ್ಪ್ರಿಂಗ್ ಮುರಿಯುವುದು ಇದರಿಂದ. ತುಕ್ಕು ಬಿಡಿಸುವ ಸ್ಪ್ರೇ ತೇವ ಓಡಿಸಲು ಸರಿ, ಅದರ ಪದರ ಬಹಳ ದಿನ ನಿಲ್ಲುವುದಿಲ್ಲ. ಬಂದೂಕಿನ ಎಣ್ಣೆಯನ್ನೇ ತೆಳ್ಳಗೆ ಒರೆಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ.

.22 ಅಥವಾ .315 ಆದರೆ ಬೋಲ್ಟ್ ತೆಗೆದು ಹಿಂದಿನಿಂದ ಕಡ್ಡಿ ತೂರಿಸಿ. ಮುಂದಿನಿಂದ ತೂರಿಸಿದರೆ ನಳಿಗೆಯ ಬಾಯಂಚು ಸವೆದು ಗುರಿ ಕೆಡುತ್ತದೆ. ಹಿತ್ತಾಳೆ ಬ್ರಷ್, ಮದ್ದಿನ ಮಸಿ ಕರಗಿಸುವ ದ್ರಾವಣ, ಒಣ ಹತ್ತಿಬಟ್ಟೆ ಬಿಳಿಯಾಗಿ ಬರುವ ತನಕ, ಕೊನೆಗೆ ಎಣ್ಣೆಬಟ್ಟೆ ಒಂದು. ಮತ್ತೆ ಹಾರಿಸುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಲೇಬೇಕು. .22ರಲ್ಲಿ ಖಾಲಿ ಚೇಂಬರಿಗೆ ಟ್ರಿಗರ್ ಒತ್ತಬೇಡಿ, ಪಿನ್ ಹೋಗಿ ಚೇಂಬರಿನ ಅಂಚನ್ನೇ ಕುಟ್ಟುತ್ತದೆ.

ರೆಕ್ಸಿನ್ ಚೀಲ, ಫೋಮ್ ಪೆಟ್ಟಿಗೆ ಒಯ್ಯಲು ಮಾತ್ರ. ಅದರಲ್ಲೇ ಇಟ್ಟರೆ ತೇವ ಹೀರಿಕೊಂಡು ನಳಿಗೆಗೆ ಅಂಟಿಸುತ್ತದೆ. ಬೀಗವಿರುವ ಕಬ್ಬಿಣದ ಕಪಾಟನ್ನು ಹೊರಗೋಡೆಗೆ ತಾಗದ ಹಾಗೆ ಇಡಿ, ಮುರಕಲ್ಲು ಮಳೆಗಾಲ ಪೂರ್ತಿ ನೀರು ಹಿಡಿದಿರುತ್ತದೆ. ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಆದರೆ ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಗೆ ಬಳಸುವ ಓವನ್, ಬಾಣಲೆ ಅದಕ್ಕೆ ಬೇಡ. ರೈಫಲನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಮರದ ಸ್ಟಾಕಿಗೆ ಇಳಿದು ಅದು ಮೆತ್ತಗಾಗುವುದು ತಪ್ಪುತ್ತದೆ.

ತೋಟೆ ಬೇರೆ ಕಡೆ, ಬೇರೆ ಬೀಗದಲ್ಲಿ, ಗಾಳಿಯಾಡದ ಡಬ್ಬದಲ್ಲಿ. ತೇವ ಕುಡಿದ ಕಾಗದದ ತೋಟೆ ಉಬ್ಬಿ ಚೇಂಬರಿನಲ್ಲಿ ಸಿಕ್ಕಿಕೊಳ್ಳುತ್ತದೆ. ತನ್ನ ಭಾರಕ್ಕೆ ತಾನೇ ಜಾರಿ ಕೂರದ ತೋಟೆಯನ್ನು ಒತ್ತಿ ತೂರಿಸಬಾರದು. ಟ್ರಿಗರ್ ಒತ್ತಿದರೂ ಸಿಡಿಯದಿದ್ದರೆ ಬಾಯಿ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ, ಆಮೇಲೆ ಬೋಲ್ಟ್ ತೆರೆಯಿರಿ. ಸದ್ದು ಪುಸ್ಸೆಂದು ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಉಳಿದಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತದೆ.

ಬ್ರಹ್ಮಾವರದ ಹೊಸಬ

ಇಷ್ಟು ವಿವರ ಎಲ್ಲಿಯೂ ಸಿಕ್ಕಿರಲಿಲ್ಲ, ಉಪಕಾರ ಆಯಿತು. ಎರಡು ಪ್ರಶ್ನೆ ಉಳಿದಿದೆ. ಕಳ್ಳ ಒಳಗೆ ಬಂದ ಅಂತಿಟ್ಟುಕೊಳ್ಳಿ, ಲೈಸೆನ್ಸ್ ಇದ್ದರೆ ಹಾರಿಸಬಹುದಾ? ಏರ್ ರೈಫಲ್ ತಂದರೆ ಮನೆ ಕಾವಲಿಗೆ ಏನು ಮಾಡುವುದು?

ಕಡತ

ಲೈಸೆನ್ಸ್ ಇರುವುದು ಇಟ್ಟುಕೊಳ್ಳಲಿಕ್ಕೆ. ಹಾರಿಸುವುದು ಸರಿಯೋ ತಪ್ಪೋ ಅನ್ನುವುದಕ್ಕೆ ಬೇರೆ ಕಾನೂನು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಸೆಕ್ಷನ್‌ಗಳಲ್ಲಿ ಆತ್ಮರಕ್ಷಣೆಯ ಹಕ್ಕು ಬರುತ್ತದೆ. 37ನೆಯದನ್ನು ಎರಡು ಸಲ ಓದಿ: ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಿಲ್ಲ, ಪೊಲೀಸರ ನೆರವು ಪಡೆಯಲು ಸಮಯ ಇದ್ದಲ್ಲಿ ಆ ಹಕ್ಕೇ ಇಲ್ಲ. ಪ್ರಾಣ ಹೋಗುವಷ್ಟು ಹಾನಿ ಯಾವಾಗ ಸಮರ್ಥನೆಯಾಗುತ್ತದೆ ಅಂತ 38 ಮತ್ತು 41ರಲ್ಲಿ ಉಂಟು. ಅಂಗಳ ದಾಟಿ ಓಡುವವನ ಬೆನ್ನಿಗೆ ಹೊಡೆದರೆ ಅದು ರಕ್ಷಣೆ ಅನ್ನಿಸಿಕೊಳ್ಳುವುದಿಲ್ಲ. ಹೆದರಿಸಲು ಗಾಳಿಯಲ್ಲಿ ಹಾರಿಸುವುದೂ ಬೇಡ, ಆ ಗುಂಡು ಎಲ್ಲೋ ಬಿದ್ದೇ ಬೀಳುತ್ತದೆ.

ಚುನಾವಣೆ ಘೋಷಣೆಯಾದಾಗ ಬಂದೂಕನ್ನು ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ. ನಮ್ಮ ಎರಡು ಜಿಲ್ಲೆಗಳ ಬೆಳೆಗಾರರು ಇದರಿಂದ ಪಡುವ ಕಷ್ಟ ಎಲ್ಲರಿಗೂ ಗೊತ್ತು. ಜಿಲ್ಲಾ ಪರಿಶೀಲನಾ ಸಮಿತಿಗೆ ಕಾರಣ ಕೊಟ್ಟು ವಿನಾಯಿತಿ ಕೇಳಬಹುದು. ಒಪ್ಪಿಸುವುದೇ ಆದರೆ ನಳಿಗೆಗೆ ದಪ್ಪ ಗ್ರೀಸ್ ಹಚ್ಚಿ ಕೊಡಿ. ರಸೀದಿಯಲ್ಲಿ ನಂಬರಿನ ಜೊತೆ ಬಂದೂಕಿನ ಸ್ಥಿತಿಯನ್ನೂ ಬರೆಸಿ, ಫೋಟೊ ತೆಗೆದಿಟ್ಟುಕೊಳ್ಳಿ.

ತೋಟೆಕೋವಿ

ಕಾವಲಿನ ಬಗ್ಗೆ: ಹೆಂಚಿನ ಮನೆಗೆ ಕಳ್ಳ ಇಳಿಯುವುದು ಹೆಂಚು ಸರಿಸಿ. ಎಷ್ಟು ದೊಡ್ಡ ಕೋವಿ ಇದ್ದರೂ ಆ ದಾರಿ ತೆರೆದೇ ಇರುತ್ತದೆ. ರೀಪಿನ ಅಡಿಗೆ ಕಬ್ಬಿಣದ ವೆಲ್ಡ್ ಜಾಲರಿ ಹೊಡೆಸಿ, ಅದರಲ್ಲೂ ಅಡುಗೆಕೋಣೆ ಮತ್ತು ಬಚ್ಚಲಿನ ಮೇಲೆ, ಅಲ್ಲಿ ಮಾಡು ತಗ್ಗು. ಹಿಂಬಾಗಿಲಿಗೆ ಒಳಗಿನಿಂದ ಅಡ್ಡ ಕಬ್ಬಿಣದ ಪಟ್ಟಿ. ನಾಲ್ಕು ಮೂಲೆಗೆ ಚಲನೆ ಗುರುತಿಸುವ ದೀಪ, ಇನ್ವರ್ಟರಿನ ಲೈನಿನಲ್ಲೇ, ಯಾಕೆಂದರೆ ಮಳೆಗಾಲದ ರಾತ್ರಿ ಕರೆಂಟು ಇರುವುದಿಲ್ಲ. ಅಪ್ಪ-ಅಮ್ಮ ಮಲಗುವ ಕೋಣೆಯ ಬಾಗಿಲು ಗಟ್ಟಿಯಿರಲಿ, ಒಳಗೆ ಚಿಲಕ, ಒಂದು ಫೋನ್, 112. ಸದ್ದಾದರೆ ಹೊರಗೆ ಹೋಗಿ ನೋಡುವುದು ಬೇಡ, ಚಿಲಕ ಹಾಕಿ ಫೋನ್ ಮಾಡಿ ಅಂತ ಇಬ್ಬರಿಗೂ ಹೇಳಿಕೊಡಿ. ನೀವು ಇಲ್ಲದ ದಿನ ಆ ಕೋವಿ ಅವರ ಕೈಗೆ ಬರುವುದೂ ಸರಿಯಲ್ಲ, ಲೈಸೆನ್ಸ್ ನಿಮ್ಮ ಹೆಸರಿನದ್ದು.

ಏರ್‌ಗನ್ ಬಂತು ಅಂತ ಮಂಗ, ನವಿಲಿಗೆ ಹೊಡೆಯಲು ಹೋಗಬೇಡಿ. ನವಿಲು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಪೆಲೆಟ್ ತಗುಲಿದ ಪ್ರಾಣಿ ಅಲ್ಲೇ ಸಾಯುವುದೂ ಇಲ್ಲ, ಗಾಯ ಕೊಳೆತು ದಿನಗಟ್ಟಲೆ ನರಳುತ್ತದೆ.

ಬ್ರಹ್ಮಾವರದ ಹೊಸಬ

ಸರಿ, ಜಾಲರಿ ಮತ್ತು ದೀಪದ ಕೆಲಸ ಮೊದಲು. ರೈಫಲ್ ಅಂದರೆ .177 ಸ್ಪ್ರಿಂಗ್. ಮನೆಯ ಹಿಂದೆ ದನದ ಕೊಟ್ಟಿಗೆ ಖಾಲಿ ಉಂಟು, 12 ಮೀಟರ್ ಉದ್ದ. ಅಲ್ಲಿ ಗುರಿ ಹಲಗೆ ಹೇಗೆ ಮಾಡುವುದು ಹತ್ತುಮೀಟರ್ ಅವರೆ? ಮುರಕಲ್ಲಿನ ಗೋಡೆಗೇ ಕಾಗದ ಅಂಟಿಸಿದರೆ ಸಾಕಾ?

ಹತ್ತುಮೀಟರ್

ಗೋಡೆಗೆ ಅಂಟಿಸಬೇಡಿ, ಸೀಸ ಕಲ್ಲಿಗೆ ಬಡಿದು ಚೂರು ವಾಪಸು ಬರುತ್ತದೆ. ವೆಲ್ಡರ್ ಹತ್ತಿರ ಒಂದಡಿ ಚೌಕದ, ಮುಂದೆ ತೆರೆದ ಪೆಟ್ಟಿಗೆ ಮಾಡಿಸಿ. ಒಳಗೆ 3 ಮಿ.ಮೀ. ದಪ್ಪದ ತಗಡು, ಮೇಲಂಚು ನಿಮ್ಮ ಕಡೆಗೆ, ಕೆಳಗಂಚು ಹಿಂದಕ್ಕೆ ಇರುವ ಹಾಗೆ 45 ಡಿಗ್ರಿ ಓರೆ. ಪೆಲೆಟ್ ತಗುಲಿ ಕೆಳಗೆ ತಟ್ಟೆಗೆ ಬೀಳುತ್ತದೆ. ಪೆಟ್ಟಿಗೆಯ ಹಿಂದೆ ಮೂರಡಿ ಚೌಕದ ದಪ್ಪ ಪ್ಲೈವುಡ್, ಅದರ ಮುಂದೆ ಹಳೆ ರಬ್ಬರ್ ಮ್ಯಾಟ್ ತೂಗುಹಾಕಿ, ತಪ್ಪಿದ್ದು ಅಲ್ಲಿಗೆ ನಿಲ್ಲಲಿ. ಗುರಿಯ ನಡುಬಿಂದು ನೆಲದಿಂದ 1.4 ಮೀಟರ್ ಎತ್ತರ. ಗುರಿಯಿಂದ ನಿಮ್ಮ ಕಾಲಿನ ಗೆರೆಗೆ ಸರಿಯಾಗಿ 10 ಮೀಟರ್ ಅಳೆಯಿರಿ, ಹಿಂದೆ ನಿಲ್ಲಲು ಎರಡು ಮೀಟರ್ ಉಳಿಯುತ್ತದೆ. ಕೊಟ್ಟಿಗೆಗೆ ಬದಿಯ ಬಾಗಿಲಿದ್ದರೆ ಒಳಗಿನಿಂದ ಚಿಲಕ, ಹೊಡೆಯುವಾಗ ಮಗುವೋ ನಾಯಿಯೋ ನುಗ್ಗಬಾರದು. ಕಣ್ಣಿಗೆ ಕನ್ನಡಕ ಕಡ್ಡಾಯ.

ಕಾಗದ 10 ಮೀಟರ್ ಏರ್ ರೈಫಲ್‌ನದ್ದೇ ತರಿಸಿ. ಹೊರವೃತ್ತ 45.5 ಮಿ.ಮೀ., ಕಪ್ಪು 30.5 ಮಿ.ಮೀ., ಹತ್ತರ ಚುಕ್ಕಿ ಅರ್ಧ ಮಿ.ಮೀ. ಪೆಲೆಟ್ ಚಪ್ಪಟೆ ತಲೆಯದ್ದು, ಕಾಗದದಲ್ಲಿ ದುಂಡಗೆ ತೂತು ಕೊರೆಯುತ್ತದೆ. ತಲೆಯ ಅಳತೆ 4.49, 4.50, 4.51 ಅಂತ ಡಬ್ಬದ ಮೇಲೆ ಇರುತ್ತದೆ. ಮೂರೂ ಒಂದೊಂದು ಡಬ್ಬ ತಂದು, ಮೇಜಿನ ಮೇಲೆ ಮೆತ್ತೆಗೆ ಕೈ ಆನಿಸಿ ಐದೈದು ಹೊಡೆಯಿರಿ. ಯಾವುದರ ಐದು ತೂತು ಹತ್ತಿರ ಕೂತವೋ ನಿಮ್ಮ ನಳಿಗೆಗೆ ಅದೇ. ಗುಂಪು ಎಲ್ಲಿ ಬಿತ್ತು ಅನ್ನುವುದು ಆಗ ಮುಖ್ಯ ಅಲ್ಲ, ಸೈಟು ತಿರುಗಿಸುವುದು ಗುಂಪು ಸಿಕ್ಕ ಮೇಲೆ.

ತಟ್ಟೆಯ ಸೀಸವನ್ನು ಗುಡಿಸಿ ಎಬ್ಬಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಡಬ್ಬಕ್ಕೆ ಹಾಕಿ. ಹೊಡೆಯುವಾಗ ತಿನ್ನುವುದು ಬೇಡ, ಮುಗಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ. ಕೊಟ್ಟಿಗೆಯಲ್ಲಿ ಮತ್ತೆ ದನ ಕಟ್ಟುವ ಯೋಚನೆ ಇದ್ದರೆ ಪೆಟ್ಟಿಗೆಯ ಕೆಳಗೆ ದೊಡ್ಡ ಟಾರ್ಪಾಲು ಹಾಸಿಯೇ ಶುರು ಮಾಡಿ, ನೆಲಕ್ಕೆ ಬಿದ್ದ ಸೀಸ ಹುಲ್ಲಿನ ಜೊತೆ ಹೊಟ್ಟೆಗೆ ಹೋದರೆ ದನಕ್ಕೆ ವಿಷ.